ಪುಕ್ಕಟೆ ಆಟ ಕೇಳಿದ ಸಂಗೂಗ

ಸಂಗೂ, ಪುಕ್ಕಟೆ ಆಟದಾಗ ಯಾವುದು ಛಲೋ ಅಂತ ಕೇಳೀದಿ.
ನನ್ನ ಯಾರೂ ಇಂಥಾದ್ದು ಕೇಳಂಗಿಲ್ಲ.
ಝೆರಾಕ್ಸ್ ಎಷ್ಟು ಅಂತಾರ, ಲಗ್ನಪತ್ರಿಕಿ ಎಂದ ಕೊಡತೀ ಅಂತಾರ.
ಅದಕ್ಕ ಉದ್ದ ಬರಿಯಾಕತ್ತೇನಿ, ಬ್ಯಾಸರ ಮಾಡ್ಕೋಬ್ಯಾಡ.

‘ವಜ್ರಖಡ್ಗ’ ಹಾಕ್ಕೋಬ್ಯಾಡ.
ಹತ್ತನೇ ಮಟ್ಟದ ತನಕ ಬಾಯಿಗೆ ಬೆಲ್ಲ ಹಚ್ಚತೈತಿ,
ಆಮ್ಯಾಲೆ ಕುದರಿಗೆ ರೊಕ್ಕ, ಕುದರಿ ಮ್ಯಾಲಿನ ಜೀನಿಗೆ ರೊಕ್ಕ,
ಸತ್ತರ ಎದ್ದು ಕುಂದ್ರಾಕೂ ರೊಕ್ಕ.
ನಮ್ಮ ಓಣಿಯ ಪತ್ತಾರ ಹುಡುಗ
ಅವ್ವನ ಫೋನಿನಾಗ ಸಾವಿರದ ನಾಕನೂರು ಕೊಟ್ಟು ರೆಕ್ಕಿ ಕೊಂಡ.
ಹಾರಂಗಿಲ್ಲ. ಬರೇ ಮಿಂಚತಾವ.

‘ಮಂಜುಗಾಡು’ ಅಡ್ಡಿ ಇಲ್ಲ, ಚಿತ್ರ ಚಂದ.
ಆದ್ರ ಫೋನು ಕಾಯ್ದು ಹಂಚ ಆಗತೈತಿ,
ರೊಟ್ಟಿ ಬಡದು ಹಾಕಬೇಕು ಅದರ ಮ್ಯಾಲೆ.

ನಾ ಆಡೂದು ‘ಏಳು ಬಾಗಿಲ ಕೋಟಿ’.
ಹಳೇ ಆಟ, ಹಳೇ ಕಂಪ್ಯೂಟರ್, ಇಬ್ಬರಿಗೂ ಹೊಂದತೈತಿ.
ನಾ ಅಲ್ಲಿ ವೈದ್ಯಳು. ನೀನೂ ವೈದ್ಯ ಆಗು.
ಕತ್ತಿ ಹಿಡಿಯೋರು ಸಾವಿರ ಮಂದಿ ಅದಾರ,
ಗಾಯ ಕಟ್ಟೋರನ್ನ ಯಾವ ಗುಂಪೂ ಒಲ್ಲೆ ಅನ್ನಂಗಿಲ್ಲ.

ರಾತ್ರಿ ಒಂಬತ್ತಕ್ಕ ಶಟರ್ ಅರ್ಧ ಎಳೀತೇನಿ.
ಹೊರಗ ಗುಳೇದಗುಡ್ಡ ಪೂರಾ ಖಟಖಟ ಅಂತಿರತೈತಿ,
ಒಳಗ ಮೂರನೇ ಬಾಗಿಲದಾಗ ನಾನು,
ಮುಂದ ಢಾಲು ಹಿಡಿದು ಕರಿಗರುಡ.
ಹೆಸರು ಅಷ್ಟ ಗೊತ್ತು.

ಒಂದ ದಿನ ರಾಕ್ಷಸನ ಜೀವ ಬೆರಳಷ್ಟು ಉಳಿದಿತ್ತು,
ಕರೆಂಟ್ ಹೋತು. ಓಣಿಯ ಮಗ್ಗೆಲ್ಲಾ ಒಮ್ಮೆಲೆ ಬಾಯಿ ಮುಚ್ಚಿದ್ವು.
ಬಂದ ಮ್ಯಾಲೆ ನೋಡತೇನಿ, ಗುಂಪಿನವರು ಬೈದಾರ:
ಇಬ್ಬರೂ ಕೂಡೇ ಓಡಿ ಹೋದ್ರಿ.

ಇಬ್ಬರೂ.

ಮುಂದಿನ ವಾರ ಹಂಗ. ಅದರ ಮುಂದೂ ಹಂಗ.
ನಾಕನೇ ಸಲಕ್ಕ ಹೊಳೀತು, ಅಂವ ನನ್ನ ಫೀಡರಿನಾಂವ.
ಅದ ಟಿ.ಸಿ., ಅದ ಲೈನು, ಯಾರಿಗೆ ಗೊತ್ತು, ಅದ ಕಂಬ.
ನಾ ಕೇಳಲಿಲ್ಲ. ಅಂವನೂ ಕೇಳಲಿಲ್ಲ.
ಕರೆಂಟ್ ಬಂದ ಕೂಡಲೆ ‘ಬಂತ?’ ಅಂತ ಬರೀತಿದ್ದ.
‘ಬಂತು’ ಅಂತಿದ್ದೆ.
ಮುಗೀತು, ಮತ್ತ ರಾಕ್ಷಸ.

ಸಂಕ್ರಮಣ ಆದ ಮ್ಯಾಲೆ ಅಂವ ಬಂದಿಲ್ಲ.
ಯಾದಿಯಾಗ ಬೂದಿ ಬಣ್ಣದ ಹೆಸರು,
ಬಾಜೂಕ ‘೧೯೪ ದಿನದ ಹಿಂದೆ’.
ಅಂಗಡಿಗೆ ಬಂದವರ ಹೆಬ್ಬೆರಳು ನೋಡತೇನಿ ಈಗ.
ಈ ಆರು ತಿಂಗಳಾಗ ಶ್ರದ್ಧಾಂಜಲಿ ಫ್ಲೆಕ್ಸ್ ಹನ್ನೊಂದು ಮಾಡೇನಿ.
ಫೋಟೋ ದೊಡ್ಡದು ಮಾಡಿ, ಕಣ್ಣಿನ ಕೆಂಪು ತಗದು, ಹಾರ ಹಾಕಿ
ಕುಂತು ನೋಡತೇನಿ.
ಗರುಡ ಇದ್ದಾಂವ ಫೋಟೋದಾಗ ಹೆಂಗ ಕಾಣತಾನ?

ಇರಲಿ. ಹೊಸ ಅಪ್‌ಡೇಟ್ ಬಂದೈತಿ, ಆರು ಜಿಬಿ.
ಹಾಸ್ಟೆಲ್ಲಿನ ವೈಫೈದಾಗ ಇಳಿಸ್ಕೋ, ನಿಮ್ಮಪ್ಪನ ಡೇಟಾ ಮುಟ್ಟಬ್ಯಾಡ.
ಎಂಟನೇ ಬಾಗಿಲ ಕೊಟ್ಟಾರ, ಆಟದ ಹೆಸರು ಮಾತ್ರ ಏಳ ಐತಿ.
ಸಾಕಾಕ ತೋಳದ ಮರಿ ಪುಕ್ಕಟೆ.
ವೈದ್ಯರ ಶಕ್ತಿ ಹನ್ನೆರಡು ಪರ್ಸೆಂಟ್ ಕಡಿಮಿ ಮಾಡ್ಯಾರ,
ಮಾಡಲಿ, ನಮಗೇನು ಹೊಸದಲ್ಲ.
ಕಡೀಕ ಸಣ್ಣ ಅಕ್ಷರದಾಗ ಒಂದು ಮಾತು:
ಇನ್ನೂರು ದಿನ ಬರದವರ ಹೆಸರು ಗುಂಪಿನಿಂದ ತಾನ ಅಳಿಸಿ ಹೋಗತೈತಿ.
ಗುಂಪಿನ ಮುಖ್ಯಸ್ಥರು ಬೇಕಂದ್ರ
ಒಬ್ಬರಿಗೆ, ಒಂದ ಸಲ, ತೊಂಬತ್ತು ದಿನ ಮುಂದ ಹಾಕಬಹುದು.

ಹಾಕೇನಿ.

ನೀ ಐದನೇ ಮಟ್ಟಕ್ಕ ಬಂದ ಮ್ಯಾಲೆ ಹೇಳು, ಗುಂಪಿಗೆ ಕರಕೋತೇನಿ.
ಮೂವತ್ತ ಜಾಗ, ಮೂವತ್ತೂ ತುಂಬ್ಯಾವ.
ಬಳ್ಳಾರಿ ಕಡೇದಾಂವ ಒಬ್ಬ ದಿನಾ ಬರತಾನ,
ಭಾಳ ಛಲೋ ಆಡತಾನ, ಬರೇ ಬೈತಾನ.
ಅವನ್ನ ತಗೀತೇನಿ.