ಬಾಡಿಗೆ, ಬೆಳಿಗ್ಗೆ ಹತ್ತರವರೆಗೆ

ಹಂಪನಕಟ್ಟೆಯ ಆ ಇಕ್ಕಟ್ಟು ಅಂಗಡಿಯಲ್ಲಿ
ಲ್ಯಾನ್ಸಿ ಡಿಮೆಲ್ಲೊ ಕಿರುಬೆರಳೆತ್ತಿ ತೋರಿಸಿದ:
"ನಿನ್ನದರ ಸೆನ್ಸರ್ ಈ ಉಗುರಿನಷ್ಟು ಮಾರಾಯ,
ಇದರದ್ದು ಅಂಚೆಚೀಟಿಯಷ್ಟು."
ಉಗುರಿಗೆ ಇಪ್ಪತ್ತೆಂಟು ಸಾವಿರ.
ಚೀಟಿಗೆ ಎರಡು ಲಕ್ಷದ ನಲವತ್ತು, ಲೆನ್ಸ್ ಬೇರೆ.

ಎಂತಕ್ಕೆ ಅಷ್ಟು ಎಂದರೆ
ಅಪ್ಪದ ಕಾವಲಿಯ ಕತೆ ತೆಗೆದ:
ಏಳು ಗುಳಿಯಲ್ಲಿ ಒಂದು ಕರಟಿದರೆ ಆರು ಉಳಿದಾವು,
ಕಾವಲಿ ತುಂಬ ಒಂದೇ ದೋಸೆ ಹುಯ್ದು
ನಡುವೆ ಹರಿದರೆ ಹಿಟ್ಟೆಲ್ಲ ನಾಯಿಗೆ.
ಸಿಲಿಕಾನಿನ ಬಿಲ್ಲೆಯೂ ಹಾಗೇ ಅಂತೆ;
ಹರಿದ ದೋಸೆಗಳ ದುಡ್ಡನ್ನೂ
ಸರಿಯಾಗಿ ಎದ್ದದ್ದೇ ಹೊರಬೇಕು.

ತಲೆಯಾಡಿಸಿ, ಸಾವಿರದೈನೂರು ಕೊಟ್ಟು
ಒಂದು ದಿನಕ್ಕೆ ತಂದೆ.
ಕುಲಶೇಖರದ ಹಾಲಿನಲ್ಲಿ ಮದುವೆ ಮುಗಿಯಿತು.
ಮರಳಿಸಲು ಬೆಳಿಗ್ಗೆ ಹತ್ತರ ಗಡುವು. ನಿದ್ದೆ ಬರಲಿಲ್ಲ.
ನಾಲ್ಕೂವರೆಗೆ ಸ್ಕೂಟರು
ದಕ್ಕೆಯ ಕಡೆ ತಿರುಗಿತ್ತು.

ಅಲ್ಲಿ ಒಂದು ಬಲ್ಬು, ಐಸಿನ ಹೊಗೆ,
ಬುಟ್ಟಿಯ ಹಿಂದೆ ಜಲಜಕ್ಕ.
ನನ್ನ ಹಳೆಯ ಕ್ಯಾಮೆರಾ ಈ ಹೊತ್ತಿನಲ್ಲಿ
ಅವಳಿಗೆ ರವೆ ಹಚ್ಚುತ್ತಿತ್ತು,
ಕಾಣೆ ಮೀನಿಗೆ ಹಚ್ಚಿದ ಹಾಗೆ, ಮೈತುಂಬ ಕಾಳು ಕಾಳು.
ಇದು
ಕತ್ತಲನ್ನು ಕತ್ತಲಾಗಿಯೇ ಬಿಟ್ಟು
ಕೆನ್ನೆಗಂಟಿದ ಒಂದು ಹುರುಪೆಯನ್ನು,
ಗಲ್ಲದಡಿಯ ಹೊಲಿಗೆಯ ಗುರುತನ್ನು
ಎಣಿಸಿ ಕೊಟ್ಟಿತು.

ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು.
"ಆಚೆ ವರ್ಷದ್ದರಲ್ಲಿ ಇದು ಇರಲಿಲ್ಲ ಅಲ್ವಾ?"
ಇತ್ತು ಅಕ್ಕ. ಅದಕ್ಕೆ ಕಂಡಿರಲಿಲ್ಲ.
"ಎಷ್ಟು ಇದಕ್ಕೆ?"
ಹೇಳಿದೆ. ಅವಳು ಬೆಚ್ಚಲಿಲ್ಲ.
"ಬೂತಾಯಿ ನೂರಕ್ಕೆ ಇಪ್ಪತ್ತು ಕೊಡ್ತೇನೆ.
ಅಂಜಲ್ ದೊಡ್ಡದಾದ ಹಾಗೆ ಕಿಲೋದ ರೇಟೇ ಬೇರೆ.
ದೊಡ್ಡದು ಬಲೆಗೆ ಬೀಳುವುದು ಎಷ್ಟು ದಿನಕ್ಕೊಂದು?
ಬೀಳದ ದಿನದ ಡೀಸೆಲೂ ಅದರ ಹೊಟ್ಟೆಯೊಳಗೇ ಉಂಟು."

ಆಮೇಲೆ ಸೆರಗಿನಿಂದ ಗಲ್ಲ ಒರೆಸುತ್ತ,
"ಗೋಡೆಗೆ ಹಾಕ್ಲಿಕ್ಕೆ ಹಳೆಯದ್ದೇ ಸಾಕು.
ಇದನ್ನು ನೀನೇ ಇಟ್ಟುಕೋ."

ಹತ್ತಕ್ಕೆ ಐದು ನಿಮಿಷ ಇತ್ತು.
ಲ್ಯಾನ್ಸಿ ಗಾಜಿಗೆ ಉಸಿರು ಬಿಟ್ಟು, ಬಟ್ಟೆ ಆಡಿಸಿ,
ಕೊರಳಪಟ್ಟಿಯನ್ನು ಮೂಗಿಗೆ ಹಿಡಿದ.
"ಮದುವೆಗೆ ಅಂದಿದ್ದೆ."
ಹೌದು, ಮೀನಿನ ಊಟ ಇತ್ತು ಅಂದೆ.
ಅಡ್ವಾನ್ಸಿನಲ್ಲಿ ನೂರು ಹಿಡಿದುಕೊಂಡು
ಉಳಿದದ್ದನ್ನು
ಎರಡು ಸಲ ಎಣಿಸಿ ಕೊಟ್ಟ.