ಹದಿನೆಂಟು ಮೈಕ್ರಾನ್ ಚಿನ್ನ

ನಗರ್ತಪೇಟೆಯ ನಮ್ಮ ಮಳಿಗೆಯಲ್ಲಿ
ಅಪ್ಪ ದಿನಾ ಸಂಜೆ ಕಸ ಗುಡಿಸಿ ಡಬ್ಬಿಗೆ ತುಂಬುತ್ತಿದ್ದ.
ತಿಂಗಳಿಗೊಮ್ಮೆ ಜಲಗಾರರು ಬಂದು ಕೊಳ್ಳುತ್ತಿದ್ದರು,
ತೊಳೆದರೆ ಧೂಳಿನಲ್ಲೂ ನಾಲ್ಕು ಗುಲಗಂಜಿ ತೂಕ.

ನಾನಿರುವ ಕೋಣೆಯಲ್ಲಿ ಧೂಳೇ ಇಲ್ಲ.
ಜಾಲಹಳ್ಳಿ. ಬೆಳಗ್ಗೆ ಆರಕ್ಕೆ ಮೊದಲ ಪಾಳಿ.
ಮುಡಿದ ಹೂವು ಲಾಕರಿನಲ್ಲಿ, ಕಾಡಿಗೆಗೂ ಅಪ್ಪಣೆಯಿಲ್ಲ,
ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಕಣ್ಣು ಮಾತ್ರ ನನ್ನದು.
ಮೈಕ್ರೋಸ್ಕೋಪಿನ ಕೆಳಗೆ ಗ್ಯಾಲಿಯಂ ನೈಟ್ರೈಡಿನ ಚಿಪ್,
ಇರುವೆ ಹೊತ್ತುಕೊಂಡು ಹೋಗಬಹುದು, ಅಷ್ಟು.
ಅದರ ಅಂಚಿನಿಂದ ಈಚೆ ದಡಕ್ಕೆ
ಚಿನ್ನದ ಎಳೆ ಹಾಯಿಸುತ್ತೇನೆ,
ಒತ್ತಿ, ಎತ್ತಿ, ಬಾಗಿಸಿ, ಒತ್ತಿ, ಹರಿದು.
ಕಮಾನು ಒಂದಿಷ್ಟು ಎತ್ತರವಾದರೂ ವಾಪಸ್ಸು.
ಇಲ್ಲಿ ಓಡುವ ಅಲೆಯ ಉದ್ದ ಮೂರೇ ಮಿಲಿಮೀಟರು,
ಒಂದು ಎಳ್ಳುಕಾಳು.
ಅದಕ್ಕೆ ಕೂದಲೆಳೆಯ ತಿರುವೂ ಊರು ಸುತ್ತುವ ದಾರಿ
ಅನ್ನುತ್ತಾರೆ ಇಲಿಯಾಸ್ ಸಾರ್.

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ,
ಗಾದೆ ಗೊತ್ತಿದ್ದವರ ಹಾಗೆ
ಪಾಳಿ ಮುಗಿದಾಗ ತುಂಡೆಳೆಗಳನ್ನು ತೂಗಿ ಸಹಿ ಹಾಕಿಸುತ್ತಾರೆ.
ಗೇಟಿನಲ್ಲಿ ಊಟದ ಡಬ್ಬಿಯನ್ನೂ ತೆರೆಸುತ್ತಾರೆ.
ನನಗೆ ನಗು. ವರ್ಷವಿಡೀ ಎಳೆದದ್ದೆಲ್ಲ ಕೂಡಿಸಿದರೂ
ಒಂದು ಬಡ ಮೂಗುಬೊಟ್ಟು.

ಕೆಲಸದ ಚೀಟಿಯಲ್ಲಿ ಒಂದು ಕಾಲಂ ಇದೆ: ಪ್ಲಾಟ್‌ಫಾರ್ಮ್.
ಎದುರಿಗೆ ಒಂದು ಅಕ್ಷರ, ಎರಡು ಅಂಕಿ.
ವಿಮಾನವೋ, ಹಡಗೋ, ಗುರಿ ಹುಡುಕಿ ಹೋಗುವ ಯಾವುದರ ಮೂತಿಯೋ,
ಕೇಳುವಂತಿಲ್ಲ.
ಸೇರಿದ ಹೊಸತರಲ್ಲಿ ನನಗೆ ನೆನಪಾಗುತ್ತಿದ್ದದ್ದು
ಯಶವಂತಪುರದ ಆರನೇ ಪ್ಲಾಟ್‌ಫಾರ್ಮು.
ಗಾಡಿ ಬರುವುದಂತೂ ಖಂಡಿತ,
ಯಾರನ್ನು ಒಯ್ಯುವುದಕ್ಕೆ ಅಂತ ಮಾತ್ರ ಬೋರ್ಡಿನಲ್ಲಿ ಬರೆದಿರುವುದಿಲ್ಲ.

ಅಪ್ಪ ಈಗಲೂ ಕೇಳುವುದು ಎರಡೇ,
ಮಜೂರಿ ಎಷ್ಟು, ವೇಸ್ಟೇಜು ಎಷ್ಟು.
ಆಮೇಲೆ ಅಗ್ಗಿಷ್ಟಿಕೆಯ ಬೂದಿ ಕೆದಕುತ್ತ, ಸುಮ್ಮನೆ ಎಂಬಂತೆ,
ಯಾರ ಕೊರಳಿಗಮ್ಮಾ?
ತಾಳಿ ಮಾಡುವ ಮೊದಲು ಹುಡುಗಿಯ ಹೆಸರು ಕೇಳಿಕೊಂಡು
ಬೆಂಕಿಗೆ ಅದನ್ನು ಹೇಳಿಯೇ ಊದುವ ಮನುಷ್ಯ.
ಸರಕಾರದ ಕೆಲಸ ಅಪ್ಪ, ಅನ್ನುತ್ತೇನೆ.
ಅವನು ಊದುಗೊಳವೆ ಎತ್ತಿಕೊಳ್ಳುತ್ತಾನೆ.

ಮೊನ್ನೆ ಛಾವಣಿಯ ಮೇಲೆ ಪರೀಕ್ಷೆ ಇತ್ತು,
ಇಲ್ಲಿಂದ ಆಚೆಯ ನೀರಿನ ಟ್ಯಾಂಕಿಗೆ ಒಂದು ಕಿಲೋಮೀಟರು.
ಬೆಳಗ್ಗೆಯೆಲ್ಲ ಗೆರೆ ನೆಟ್ಟಗಿತ್ತು.
ಮೂರೂವರೆಗೆ ಯಲಹಂಕದ ಕಡೆಯ ಮೋಡ ಬಂದು
ದಪ್ಪ ಹನಿ ಬಿದ್ದದ್ದೇ ಪರದೆಯ ಮೇಲೆ ಗೆರೆ ಮಲಗಿತು.
ಹನಿಯೂ ಅಲೆಯೂ ಒಂದೇ ಗಾತ್ರ, ಅದಕ್ಕೇ ಜಗಳ,
ಇಲಿಯಾಸ್ ಸಾರ್ ಮಳೆಯನ್ನು ಬಯ್ಯುತ್ತ
ಕೊಡೆಯನ್ನು ಯಂತ್ರಕ್ಕೆ ಹಿಡಿದು ತಾವು ನೆನೆದರು.
ಆ ಪೆಟ್ಟಿಗೆಯಲ್ಲಿ ನನ್ನ ನೂರ ಹನ್ನೆರಡು ಎಳೆ.
ಬೇಸರ ಆಗಬೇಕಿತ್ತು.

ಬಸ್‌ಸ್ಟಾಪಿನಲ್ಲಿ ಅಂಗೈ ಒಡ್ಡಿದೆ.
ಎಳ್ಳಿನಷ್ಟು ಎಳ್ಳಿನಷ್ಟು ನೀರು.
ಎಳ್ಳು, ನೀರು. ಅಂಗೈ ತಾನಾಗಿ ಹೆಬ್ಬೆರಳ ಕಡೆಗೆ ವಾಲಿತು,
ಹೇಳಲು ಒಂದು ಹೆಸರೂ ಗೊತ್ತಿಲ್ಲ.
ಅಷ್ಟರಲ್ಲಿ ಮಾರ್ಕೆಟ್ಟಿನ ಬಸ್ಸು ಬಂತು,
ಕಂಬಿ ಹಿಡಿಯಬೇಕಾಯಿತು.