ಹಸಿರು ಆರುವ ತನಕ

ಪ್ರಾತೊದಿಂದ ರೈಲು ಹತ್ತಿ ಅಪ್ಪ ನನ್ನ ಲ್ಯಾಬಿಗೆ ಬಂದದ್ದು
ಒಂದೇ ಒಂದು ಸಲ, ನವೆಂಬರಿನಲ್ಲಿ.
ಗೇಟಿನ ಪುಸ್ತಕದಲ್ಲಿ ರುಜು ಹಾಕಿದ: ಎಲ್ವಿಯೊ ಬಿಯಾಜೋಲಿ.
ಅಕ್ಷರ ಇರುವೆಯಷ್ಟು ಸಣ್ಣದಾಗಿತ್ತು.

ನಲವತ್ತೆರಡು ವರ್ಷ ಚಿಂದಿ ವಿಂಗಡಿಸಿದವನು.
ಜಗತ್ತು ಬಿಸಾಕಿದ ಸ್ವೆಟರು, ಸೈನಿಕರ ಕೋಟು,
ಸತ್ತವರ ಶಾಲು ಮೂಟೆಯಾಗಿ ಬಂದಿಳಿದರೆ
ಕಣ್ಣು ಹಾಯಿಸದೆ, ಹೆಬ್ಬೆರಳು ತಿಕ್ಕಿಯೇ ಹೇಳುತ್ತಿದ್ದ:
ಇದು ಮೆರಿನೊ. ಇದರಲ್ಲಿ ಹತ್ತಿ ಬೆರೆತಿದೆ. ಇದು ಬರೀ ಸುಳ್ಳು.

ಕತ್ತಲ ಕೋಣೆ. ಪರದೆಯ ಮೇಲೆ ಒಂದು ನರದ ಎಳೆ.
"ಇದರ ತುತ್ತತುದಿಯಲ್ಲಿ, ಅಪ್ಪ, ಕೆಟ್ಟ ಪ್ರೋಟೀನು,
ಸವೆದ ಸಾಮಾನು ಸೇರಿ ಮೂಟೆ ಕಟ್ಟಿಕೊಳ್ಳುತ್ತೆ.
ಊರು ದೂರ. ಹೊರಬೇಕು."
"ಹೊರೋರು ಯಾರು?"
"ಡೈನೀನ್. ಎರಡು ಕಾಲು, ಕಣ್ಣಿಲ್ಲ.
ಹಳಿ ಹಿಡಿದು ನಡೆಯುತ್ತೆ ಕುಡಿದವನ ಹಾಗೆ,
ಒಮ್ಮೊಮ್ಮೆ ಹಿಂದಕ್ಕೂ ಹೆಜ್ಜೆ."
"ಕೂಲಿ?"
"ಹೆಜ್ಜೆಗೊಂದು ಚಿಟಿಕೆ ಶಕ್ತಿ. ಕೈಗೆ ಕೈ."
ಅಪ್ಪ ನಕ್ಕ. ಯೂನಿಯನ್ ಇದ್ದ ಕಾಲದ ನಗು.

ಮೂಟೆ ಹೊರಟಾಗ ಹಳದಿ,
ಹಸಿರು ಕೆಂಪು ಎರಡೂ ದೀಪ ಉರಿಯುತ್ತ.
ದಾರಿಯಲ್ಲಿ ಹುಳಿ ತುಂಬಿದ ಚೀಲಗಳು ಬಂದು ಕೂಡಿಕೊಳ್ಳುತ್ತವೆ.
ಹುಳಿ ಏರಿದಂತೆ ಹಸಿರು ಆರುತ್ತದೆ.
ಕೆಂಪೊಂದೇ ಉಳಿದರೆ ಮಾಗಿತೆಂದು ಲೆಕ್ಕ.
ತುದಿಯಲ್ಲೊಬ್ಬ ಮೇಸ್ತ್ರಿ, ನಡುದಾರಿಗೆ ಇನ್ನೊಬ್ಬ;
ಒಬ್ಬ ಕೈಬಿಟ್ಟ ಗಳಿಗೆಯಲ್ಲೇ ಮತ್ತೊಬ್ಬ ಹಿಡಿಯಬೇಕು.

"ಗೊತ್ತು ಬಿಡು, ನಮ್ಮ ಆಸಿಡ್ ತೊಟ್ಟಿ," ಅಂದ.
"ಹತ್ತಿ ಸುಟ್ಟು ಪುಡಿ, ಉಣ್ಣೆ ಮಾತ್ರ ಉಳಿಯುತ್ತೆ.
ನಮ್ಮಲ್ಲಿ ಮೂಟೆ ತೊಟ್ಟಿಗೆ ಹೋಗ್ತಿತ್ತು.
ನಿಮ್ಮಲ್ಲಿ ತೊಟ್ಟಿಯೇ ಮೂಟೆಯನ್ನ ಹುಡುಕಿಕೊಂಡು ಬರುತ್ತೆ."
ಹನ್ನೊಂದು ಪ್ರಬಂಧ ಬರೆದಿದ್ದೇನೆ.
ಇಷ್ಟು ಸಲೀಸಾಗಿ ಎಲ್ಲೂ ಹೇಳಿಲ್ಲ.

ಎರಡನೆಯ ಚಿತ್ರ ತೋರಿಸಬಾರದಿತ್ತು.
ಒಂದಕ್ಷರ ತಪ್ಪಿದ ಜೀನು.
ಎದುರು ದಿಕ್ಕಿನ ಹಮಾಲಿ, ಕೈನೆಸಿನ್,
ಅದೇ ಮೂಟೆಗೆ ಭುಜ ಕೊಟ್ಟು ಎಳೆಯುತ್ತದೆ.
ಮೂಟೆ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ,
ನಿಂತಲ್ಲೇ ನಡುಗುತ್ತದೆ,
ಹಳದಿಯಾಗಿಯೇ.

ಅಪ್ಪ ಬಹಳ ಹೊತ್ತು ನೋಡಿದ.
ಬಲಗೈ ಜೇಬಿನಲ್ಲಿತ್ತು; ಬೇಸಿಗೆಯಿಂದ ಅಲ್ಲೇ ಇರುತ್ತದೆ.
ಜೇಬಿನ ಬಟ್ಟೆ ಸಣ್ಣಗೆ ಅಲುಗುತ್ತಿತ್ತು.
"ಈ ಜೀನು ಯಾರದ್ದು?"
ಯಾರದ್ದೂ ಅಲ್ಲ ಅಂದೆ.
ಸಾರ್ದೀನಿಯದ ಒಬ್ಬ ರೋಗಿಯದ್ದು ಅಂದೆ.
ಎರಡನ್ನೂ ಅಂದೆ.

ಸ್ಟೇಷನ್ನಿನಲ್ಲಿ ನನ್ನ ತೋಳಿನ ಮೇಲಿಂದ ಒಂದು ಎಳೆ ಹೆಕ್ಕಿದ.
ಮೂರು ಸಲ ಜಾರಿ ನಾಲ್ಕನೆಯ ಸಲ ಸಿಕ್ಕಿತು.
ತಿಕ್ಕಿ ನೋಡಲು ಅವನೇನೂ ಮಾಡಬೇಕಿರಲಿಲ್ಲ,
ಹೆಬ್ಬೆರಳು ತಾನೇ ತಿಕ್ಕುತ್ತಿತ್ತು.
"ಪಾಲಿಯೆಸ್ಟರ್," ಅಂದು
ಎಸೆಯದೆ ಜೇಬಿಗೆ ಹಾಕಿಕೊಂಡ.